ಚಿಕ್ಕಪ್ಪ ಎಂದು ನಾನು ತಿದ್ದಿ ಬರೆದದ್ದು

ನಾನು ನಿವೃತ್ತಳಾದ ಕೇಂದ್ರದಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿರುವ ಇಬ್ಬರು ಹುಡುಗಿಯರು ಹೋದ ವಾರ ಆನೇಕಲ್ಲಿನ ನಮ್ಮ ಮನೆಗೆ ಬಂದಿದ್ದರು. ಸೀಬೆಹಣ್ಣು ತಂದಿದ್ದರು. ಕಾಫಿ ಕುಡಿದಾದ ಮೇಲೆ ಒಬ್ಬಳು ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ, "ಮೇಡಂ, ನಿಮ್ಮ ಎಕ್ಸ್‌ಪೀರಿಯನ್ಸಿಂದ ನಮಗೊಂದು ಐದು ಟಿಪ್ಸ್ ಕೊಡಿ" ಎಂದಳು. ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಮಂಡಿನೋವಿನ ಬಗ್ಗೆ ಬೇಕಾದರೆ ಐದಲ್ಲ, ಹತ್ತು ಹೇಳಬಲ್ಲೆ. ಹೆಬ್ಬಗೋಡಿಯ ಆಫೀಸಿನ ಕಡಿದಾದ ಮೆಟ್ಟಿಲನ್ನು ಇಪ್ಪತ್ತು ವರ್ಷಕ್ಕೂ ಮೀರಿ ಹತ್ತಿಳಿದು ನಾನು ಸಂಪಾದಿಸಿದ್ದು ಅದನ್ನೇ. "ಯೋಚನೆ ಮಾಡಿ ಹೇಳ್ತೀನಮ್ಮ" ಎಂದು ಕಳಿಸಿದೆ. ಹೇಳಲು ನನ್ನ ಹತ್ತಿರ ಇರುವುದು ಒಂದೇ, ಅದೂ ನನ್ನದೇ ತಪ್ಪು. ಬಾಯಲ್ಲಿ ಹೇಳುವಷ್ಟು ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ.

ನಮ್ಮ ಕೇಂದ್ರ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಬೋರ್ಡಿನ ಮೇಲೆ 'ತಾಯಿ ಮತ್ತು ಮಕ್ಕಳ ಮನೋಸಾಮಾಜಿಕ ಬೆಂಬಲ ಕೇಂದ್ರ' ಎಂದು ಬರೆಸಿದ್ದರು. ಅದನ್ನು ಪೂರ್ತಿ ಓದಿದವರನ್ನು ನಾನು ನೋಡಲಿಲ್ಲ. ಸುತ್ತಲಿನ ವಠಾರದ ಹೆಂಗಸರು ಅದಕ್ಕೆ 'ಮಾತಾಡೋ ಆಫೀಸು' ಎಂದು ಹೆಸರಿಟ್ಟಿದ್ದರು. ಆಧಾರ್ ಕಾರ್ಡಿಗೊಂದು ಆಫೀಸು, ರೇಷನ್ನಿಗೊಂದು ಆಫೀಸು, ಮಾತಾಡುವುದಕ್ಕೂ ಒಂದು ಆಫೀಸು. ನನಗೆ ಆ ಹೆಸರೇ ಹಿಡಿಸಿತ್ತು.

ನಾನು ಈ ಕಡೆಯ ಹಳ್ಳಿಯವಳೇ. ನಮ್ಮ ಜನ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಸಾಲಾಗಿ ಶೀಟಿನ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ, ಫ್ಯಾಕ್ಟರಿ ಕೆಲಸಕ್ಕೆ ಬಂದವರು ಅಲ್ಲಿ ಇರುತ್ತಿದ್ದರು. ಮನೆ ಎಂದರೆ ಒಂದೇ ಕೋಣೆ. ಅದರಲ್ಲಿ ಒಲೆ, ಟ್ರಂಕು, ಗಂಡ, ಹೆಂಡತಿ, ಮಕ್ಕಳು, ಕೆಲವು ಸಲ ಮೈದುನ, ಅತ್ತೆ. ನಮ್ಮ ಹತ್ತಿರ ಬರುತ್ತಿದ್ದ ತಾಯಂದಿರು, ಮಕ್ಕಳು ಹೆಚ್ಚಾಗಿ ಈ ಕೋಣೆಗಳವರು.

ಮೊದಲ ವರ್ಷ ನಮಗೆ ತರಬೇತಿ ಕೊಡಲು ದೊಡ್ಡ ಊರಿನಿಂದ ಒಬ್ಬರು ಬಂದಿದ್ದರು. 'ಸಂಘರ್ಷದ ನಡುವೆ ಬದುಕುವ ಮಕ್ಕಳು' ಎಂದು ಗೋಡೆಯ ಮೇಲೆ ಚಿತ್ರ ಬಿಟ್ಟರು. ಉರುಳಿದ ಮನೆಗಳು, ಡೇರೆಗಳು, ತಾಯಿಯ ಸೆರಗಲ್ಲಿ ಮುಖ ಮುಚ್ಚಿಕೊಂಡ ಮಕ್ಕಳು. ನಾನು ಕೈ ಎತ್ತಿ, "ಸಾರ್, ನಮ್ಮ ಕಡೆ ಯುದ್ಧ ಇಲ್ವಲ್ಲ" ಎಂದೆ. ಅವರು ಉತ್ತರ ಹುಡುಕುವಷ್ಟರಲ್ಲಿ ನಮ್ಮ ಮೇಲ್ವಿಚಾರಕಿ ಲಲಿತಾ ಮೇಡಂ ಹಿಂದಿನಿಂದ ಹೇಳಿದರು: "ಒಂದ ರೂಮು, ಒಂದ ಬಾಗ್ಲಾ, ಆ ಬಾಗ್ಲಕ್ಕ ಬಡ್ಯಾಂವ ಅಡ್ಡ ನಿಂತಿರ್ತಾನ. ಯುದ್ಧದಾಗ ಓಡಿ ಹೋಗಾಕ ದಾರಿನಾದ್ರೂ ಇರ್ತದ ಜಯಮ್ಮ." ಲಲಿತಾ ಮೇಡಂ ಬಾಗಲಕೋಟೆ ಕಡೆಯವರು. ಮುಖಸ್ತುತಿ ಗೊತ್ತಿಲ್ಲದ ಹೆಂಗಸು. ಅವರ ಕೈಕೆಳಗೆ ಕೆಲಸ ಮಾಡಿದ ವರ್ಷಗಳಲ್ಲಿ ನನ್ನನ್ನು ಒಂದೇ ಒಂದು ಸಲ ಹೊಗಳಿದರು, ಅದೂ ನಾನು ಮಾಡಿದ ಉಪ್ಪಿಟ್ಟಿಗೆ.

ಆ ತರಬೇತಿಯಲ್ಲಿ ಕಲಿತದ್ದರಲ್ಲಿ ಒಂದು, ಮಕ್ಕಳಿಗೆ 'ನಿನಗೆ ಭಯವಾಗದ ಜಾಗದ ಚಿತ್ರ ಬರೆ' ಎನ್ನುವುದು. ಒಬ್ಬ ಹುಡುಗ ಕಕ್ಕಸಿನ ಚಿತ್ರ ಬರೆದ. ಬಕೆಟ್ಟು, ಮಗ್ಗು, ಬಾಗಿಲಿಗೊಂದು ದಪ್ಪ ಚಿಲಕ. ನಾನು ಕೆಳಗೆ 'ಮಗುವಿಗೆ ಪ್ರಶ್ನೆ ಅರ್ಥವಾಗಿಲ್ಲ' ಎಂದು ಷರಾ ಬರೆದೆ. ಲಲಿತಾ ಮೇಡಂ ಅದನ್ನು ಓದಿ, ಚಪ್ಪಲಿ ಮೆಟ್ಟಿಕೊಂಡು ನನ್ನನ್ನು ಆ ಹುಡುಗನ ವಠಾರಕ್ಕೆ ಕರೆದುಕೊಂಡು ಹೋದರು. ಮನೆಯ ಬಾಗಿಲಿನ ಚಿಲಕ ನನ್ನ ತಲೆಯ ಮಟ್ಟಕ್ಕಿತ್ತು. ಎಲ್ಲರಿಗೂ ಸೇರಿದ ಆ ಕಕ್ಕಸಿನ ಚಿಲಕ ಮಾತ್ರ ಏಳು ವರ್ಷದ ಹುಡುಗನ ಕೈಗೆ ಎಟುಕುವಂತಿತ್ತು. ನಾಚಿಕೆಯಿಂದ ನನಗೆ ಮೇಡಂ ಮುಖ ನೋಡಲಾಗಲಿಲ್ಲ.

ಇನ್ನೊಂದು ಸಲ, ಒಬ್ಬ ಹೆಂಗಸಿಗೆ ನಮ್ಮ ಫೋನ್ ನಂಬರಿನ ಚೀಟಿ ಕೊಟ್ಟು ಕಳಿಸಿದ್ದೆ. ಅವಳದನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಗಂಡನಿಗೆ ಸಿಕ್ಕಿತು. ಆಮೇಲೆ ಅವಳು ಬರಲೇ ಇಲ್ಲ. ಕೋಣೆಗೆ ಹೋಗಿ ನೋಡಿದರೆ ಬೇರೆ ಸಂಸಾರ ಇತ್ತು. ಅಂದಿನಿಂದ ನಮ್ಮ ನಂಬರನ್ನು ಹೆಂಗಸರ ಮೊಬೈಲಿನಲ್ಲಿ 'ಬಳೆ ಅಂಗಡಿ' ಎಂದು ಸೇರಿಸಿಕೊಡುವುದು ರೂಢಿಯಾಯಿತು. ಅವಳು ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ, ನನಗೆ ಈವತ್ತಿಗೂ ಗೊತ್ತಿಲ್ಲ.

ಇವೆಲ್ಲ ಕಲಿಯುವ ಕಾಲದ ತಪ್ಪುಗಳು ಎಂದುಕೊಳ್ಳಬಹುದು. ರೇಣುಕಾಳ ವಿಷಯ ಹಾಗಲ್ಲ. ಆ ಹೊತ್ತಿಗೆ ನಾನು ಪಳಗಿದವಳು. ಬೇರೆ ಕೇಂದ್ರದವರು ನನ್ನ ವರದಿಗಳನ್ನು ಮಾದರಿ ಎಂದು ತರಿಸಿಕೊಂಡು ಓದುತ್ತಿದ್ದರು. ನನ್ನ ಭಾಷೆ ಚೆನ್ನ ಎನ್ನುತ್ತಿದ್ದರು. ಮಕ್ಕಳು ಅಡ್ಡಾದಿಡ್ಡಿ ಹೇಳಿದ್ದನ್ನು ನಾನು ನೀಟಾಗಿ ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆಯುತ್ತಿದ್ದೆ. ಅದರ ಬಗ್ಗೆ ಹೆಮ್ಮೆಯೂ ಇತ್ತು.

ರೇಣುಕಾಳನ್ನು ಕಳಿಸಿದ್ದು ಅವಳ ಶಾಲೆಯ ಟೀಚರು. ಎರಡನೇ ಕ್ಲಾಸು. ಪಕ್ಕದ ರೂಮಿನಲ್ಲಿ ಬೆಂಚು ಎಳೆದರೂ ಸಾಕು, ಹುಡುಗಿ ಮೇಜಿನ ಕೆಳಗೆ ಹೋಗಿ ಕೂರುತ್ತಾಳೆ ಎಂದು ಚೀಟಿ ಬರೆದಿದ್ದರು. ಅಪ್ಪ, ಅಮ್ಮ ಇಬ್ಬರೂ ಕರೆದುಕೊಂಡು ಬಂದರು. ಅಪ್ಪ ಯಲ್ಲಪ್ಪ ಗಾರೆ ಕೆಲಸದವನು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತಿ ಬಂದ, ನಮಸ್ಕಾರ ಮಾಡಿದ, ಚಪ್ಪಲಿ ಹೊರಗೇ ಬಿಟ್ಟ. ಒಳ್ಳೆಯ ಮನುಷ್ಯ ಎಂದು ಆ ಗಳಿಗೆಯಲ್ಲೇ ತೀರ್ಮಾನ ಮಾಡಿಬಿಟ್ಟೆ. ತಾಯಿ ಶಾಂತವ್ವನ ಕಣ್ಣ ಕೆಳಗೆ ಹಳೆಯ ನೀಲಿ ಗುರುತಿತ್ತು. ಗಂಡನನ್ನು ಮೆಟ್ಟಿಲ ಮೇಲೆ, ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಮಗುವಿನ ಜೊತೆ ನಾನೊಬ್ಬಳೇ ಒಳಗೆ ಕೂತೆ. ಬಣ್ಣದ ಪೆನ್ಸಿಲು ಕೊಟ್ಟೆ. ಅರ್ಧ ಗಂಟೆ ಗೀಚಿದ ಮೇಲೆ ಕೇಳಿದೆ.

"ಮನೇಲಿ ಯಾರಾದ್ರೂ ಹೊಡೀತಾರಾ ಪುಟ್ಟಿ?"

"ಕಾಕಾ ಬಡೀತಾನ್ರಿ."

"ಯಾರಿಗೆ?"

"ಅವ್ವಗ. ನಂಗೂ."

"ಆಗ ನೀನೇನ್ ಮಾಡ್ತೀಯ?"

"ತಮ್ಮಣ್ಣ ಬಂದ್ರ ಬಡಿಯೂದು ಬಿಡ್ತಾನ್ರಿ."

ಇಷ್ಟೇ. ಬೆಂಗಳೂರಿನಲ್ಲಿ ಕಾಕಾ ಎಂದರೆ ಕೇರಳದ ಟೀ ಅಂಗಡಿಯವನು. ಆದರೆ ಆ ಕಡೆಯವರು ಚಿಕ್ಕಪ್ಪನನ್ನು ಕಾಕಾ ಎನ್ನುತ್ತಾರೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದೆ ಎನ್ನುವ ಜಂಬವೂ ಇತ್ತು. ಯಲ್ಲಪ್ಪನ ತಮ್ಮ ಮಲ್ಲಪ್ಪ ಅದೇ ವಠಾರದ ಕೊನೆಯ ಕೋಣೆಯಲ್ಲಿದ್ದಾನೆ ಎಂದು ಅರ್ಜಿಯಲ್ಲೇ ಬರೆದಿತ್ತು. ನಾನು ವರದಿಯಲ್ಲಿ, 'ಚಿಕ್ಕಪ್ಪ ತನಗೂ ತಾಯಿಗೂ ಹೊಡೆಯುವುದಾಗಿ ಮಗು ತಿಳಿಸಿದೆ. ನೆರೆಮನೆಯ ತಮ್ಮಣ್ಣ ಎಂಬ ಬಾಲಕ ಆಟಕ್ಕೆ ಬಂದಾಗ ಮಗು ಸಮಾಧಾನಗೊಳ್ಳುತ್ತದೆ' ಎಂದು ದುಂಡಗೆ ಬರೆದೆ. ಬಾಲಕ ಎಂದು ಮಗು ಹೇಳಿರಲಿಲ್ಲ. ನೆರೆಮನೆ ಎಂದೂ ಹೇಳಿರಲಿಲ್ಲ. ಚಿಕ್ಕಪ್ಪ ಎಂದಂತೂ ಹೇಳಿರಲೇ ಇಲ್ಲ.

ಆಮೇಲೆ ಶಾಂತವ್ವನನ್ನು ಒಳಗೆ ಕರೆದೆ. "ಮಗು ಎಲ್ಲಾ ಹೇಳಿದೆ ಶಾಂತವ್ವ. ಮೈದುನ ತಾನೆ?" ಎಂದು ಕೇಳಿದೆ. ಅವಳು ಬಾಗಿಲ ಕಡೆ ನೋಡಿದಳು. ಬಾಗಿಲಾಚೆ ಮೆಟ್ಟಿಲ ಮೇಲೆ ಗಂಡ ಕೂತಿದ್ದ. ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಳುವನ್ನು ನಾನು ಹೌದು ಎಂದು ಓದಿಕೊಂಡೆ. ಯಲ್ಲಪ್ಪನನ್ನು ಕೇಳಿದರೆ ಅವನು ನೆಲ ನೋಡುತ್ತ, "ಹೌದ್ರಿ ಮೇಡಂ. ನಂಗೂ ಅವನ ಮ್ಯಾಲ ಸಂಶಯ ಐತ್ರಿ" ಎಂದ. ಎಷ್ಟು ನೊಂದಿದ್ದಾನೆ ಪಾಪ ಎಂದುಕೊಂಡೆ.

ಉಳಿದದ್ದು ಬೇಗ ಬೇಗ ಆಗಿಹೋಯಿತು. ಲಲಿತಾ ಮೇಡಂ ವರದಿ ಓದಿ ಸಹಿ ಹಾಕಿದರು. ಠಾಣೆಯವರು ಮಲ್ಲಪ್ಪನನ್ನು ಕರೆಸಿ ಇಡೀ ದಿನ ಬೆಂಚಿನ ಮೇಲೆ ಕೂರಿಸಿ, ಅಣ್ಣನ ಮನೆಯ ಹತ್ತಿರ ಸುಳಿಯುವುದಿಲ್ಲ ಎಂದು ಬರೆಸಿಕೊಂಡರು. ವಠಾರದ ಯಜಮಾನ ಮುನಿಯಪ್ಪಣ್ಣ ನಮ್ಮ ಊರಿನವನು, ನನ್ನನ್ನು ಚಿಕ್ಕಂದಿನಿಂದ ಬಲ್ಲವನು. "ಜಯಕ್ಕ, ನೀನೇ ಯೋಳಿದ್ಮ್ಯಾಕೆ ಮುಗೀತು ಬುಡು. ನಮ್ಮ ವಠಾರದಾಗೆ ಇಂಗೆಲ್ಲ ನಡಿಯಾಕಿಲ್ಲ" ಎಂದು ಮಾರನೆಯ ದಿನವೇ ಕೋಣೆ ಖಾಲಿ ಮಾಡಿಸಿದ. ಬೇರೆ ಯಾರಾದರೂ ಹೇಳಿದ್ದರೆ ಅವನು ನಾಲ್ಕು ಜನರನ್ನು ವಿಚಾರಿಸುತ್ತಿದ್ದನೇನೋ. ನಾನು ಹೇಳಿದ್ದರಿಂದ ವಿಚಾರಿಸಲಿಲ್ಲ. ನಾನು ಫೈಲಿನ ಮೇಲೆ 'ಇತ್ಯರ್ಥ' ಎಂದು ಬರೆದೆ.

ಮೂರು ವಾರಗಳಾದ ಮೇಲೆ ಶಾಂತವ್ವ ಒಬ್ಬಳೇ ಬಂದಳು. ಎಡಗೈಗೆ ಪ್ಲಾಸ್ಟರ್ ಹಾಕಿತ್ತು. ಕೂರಲಿಲ್ಲ. ನಿಂತುಕೊಂಡೇ ಕೇಳಿದಳು.

"ನಮ್ಮ ಮೈದುನನ್ನ ಯಾಕ ಓಡಿಸಿದ್ರಿ ಮೇಡಂ? ನಡುವ ಬಂದು ನಿಲ್ಲಾಂವ ಅವನೊಬ್ಬನ ಇದ್ದ. ಈಗ ಯಾರ್ ನಿಲ್ಲಬೇಕ್ರಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ. "ಅವನೇ ಅಲ್ವಾ ಹೊಡೀತಿದ್ದಿದ್ದು? ರೇಣುಕಾ ಹೇಳಿದ್ಲಲ್ಲ, ಚಿಕ್ಕಪ್ಪ ಅಂತ" ಎಂದೆ. ಪಕ್ಕದ ಮೇಜಿನಲ್ಲಿದ್ದ ಲಲಿತಾ ಮೇಡಂ ಪೆನ್ನು ಕೆಳಗಿಟ್ಟರು.

"ಆ ಕೂಸು ಚಿಕ್ಕಪ್ಪ ಅಂತನ ಹೇಳಿತ್ತೇನು ಜಯಮ್ಮ? ನಮ್ಮ ಕಡೆ ಮಕ್ಕಳ ಬಾಯಾಗ ಆ ಮಾತ ಬರಂಗಿಲ್ಲಲ್ಲ."

"ಇಲ್ಲ ಮೇಡಂ, ಕಾಕಾ ಅಂದ್ಲು. ನಾನೇ ತಿದ್ದಿ ಬರ್ದೆ."

ಮೇಡಂ ಶಾಂತವ್ವನ ಕಡೆ ತಿರುಗಿ, "ಕೂಸು ಕಾಕಾ ಅಂತ ಯಾರಿಗೆ ಅಂತಾಳವ್ವ?" ಎಂದು ಕೇಳಿದರು.

"ಅವರಪ್ಪಗರೀ. ಊರಾಗ ಎಲ್ಲಾರೂ ಕೂಡೇ ಇದ್ವಿ. ದೊಡ್ಡ ಭಾವನ ಮಕ್ಕಳು ನಮ್ಮ ಮನಿಯವರಿಗೆ ಕಾಕಾ ಅಂತಿದ್ವು, ಅದನ್ನ ಕೇಳಿ ಇದೂ ಕಲ್ತತಿ. ಮೈದುನಗ ನಮ್ಮತ್ತಿ ತಮ್ಮಣ್ಣ ಅಂತ ಕರೀತಿದ್ರು. ಇದೂ ತಮ್ಮಣ್ಣ ಅಂತತಿ."

ಮಗು ಒಂದಕ್ಷರವೂ ತಪ್ಪು ಹೇಳಿರಲಿಲ್ಲ. ಹೊಡೆಯುವವನು ಯಾರು, ಬಿಡಿಸುವವನು ಯಾರು ಎಂದು ಎರಡನ್ನೂ ಸರಿಯಾಗಿ ಹೇಳಿತ್ತು. ನಾನು ಬಿಡಿಸುವವನನ್ನು ವಠಾರ ಬಿಡಿಸಿ, ಹೊಡೆಯುವವನ ಕೈಗೆ ಅವರಿಬ್ಬರನ್ನು ಒಪ್ಪಿಸಿದ್ದೆ. ಲಲಿತಾ ಮೇಡಂ ಬೈಯಲಿಲ್ಲ. "ನೀ ಕಾಕಾ ಅಂತನ ಬರ್ದಿದ್ರ ನಾ ಒಂದ ಮಾತ ಕೇಳ್ತಿದ್ನಲ್ಲ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತೇ ಮಗುವನ್ನು ಶಾಲೆಯಿಂದ ಕರೆಸಿ, ಇಬ್ಬರನ್ನೂ ಆನೇಕಲ್ಲಿನಲ್ಲಿ ಶಾಂತವ್ವನ ಊರಿನ ಒಬ್ಬ ಹೆಂಗಸಿನ ಮನೆಗೆ ಸೇರಿಸಿದೆವು. ಈ ಸಲ ಸರಿಯಾದ ಹೆಸರಿನ ಮೇಲೆ ದೂರು ಬರೆಸಿದೆವು. ಯಲ್ಲಪ್ಪ ಠಾಣೆಯಲ್ಲಿ ಗೋಳಾಡಿದ, ಆಣೆ ಇಟ್ಟ. ಮಲ್ಲಪ್ಪ ಬರೆದುಕೊಟ್ಟಿದ್ದ ಕಾಗದವನ್ನು ರದ್ದು ಮಾಡಿ ಎಂದು ನಾನು ಕೇಳಿದಾಗ ಅಲ್ಲಿನ ರೈಟರು ನನ್ನನ್ನೇ ನೋಡಿ, "ನೀವೇ ಬರ್ಕೊಟ್ಟಿದ್ದಲ್ವಾ ಮೇಡಂ?" ಎಂದರು. ನನ್ನ ತಪ್ಪು ಎಂದು ಇನ್ನೊಂದು ಕಾಗದ ಬರೆದು ಸಹಿ ಹಾಕಿ ಅದರ ಜೊತೆ ಪಿನ್ನು ಮಾಡಿಸಿದೆ. ಹಳೆಯ ಕಾಗದ ಮಾತ್ರ ಹಾಗೇ ಉಳಿಯಿತು.

ಮಲ್ಲಪ್ಪನನ್ನು ಹುಡುಕಲು ಐದಾರು ದಿನ ಹಿಡಿಯಿತು. ಬೊಮ್ಮಸಂದ್ರದಲ್ಲಿ ಒಂದು ಪ್ಯಾಕಿಂಗ್ ಶೆಡ್ಡಿನಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದ. ಇಪ್ಪತ್ತೈದರ ಒಳಗಿನ ಬಡಕಲು ಹುಡುಗ. ಇವನು ಅಣ್ಣನ ಎದುರು ನಿಲ್ಲುತ್ತಿದ್ದನೇ ಎಂದು ಆಶ್ಚರ್ಯವಾಯಿತು. ನಾನು ಕೈಮುಗಿದು ನಡೆದದ್ದೆಲ್ಲ ಹೇಳಿದೆ. ಅವನು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ಠಾಣೆಯ ಮಾತೆತ್ತಲಿಲ್ಲ, ಹೋದ ಕೋಣೆಯ ಮಾತೆತ್ತಲಿಲ್ಲ.

"ನಂದು ಇರ್ಲಿ ಬಿಡ್ರಿ ಅಕ್ಕಾರ. ಕೂಸಿಗೆ ಹೇಳೀರೇನು, ನಾ ಯಾಕ ಹೋದೆ ಅಂತ? ನಾ ಟ್ರಂಕ್ ಹೊತ್ಕೊಂಡು ಹೊಂಟಾಗ ಅದು ಬಾಗ್ಲಾಗ ನಿಂತ ನೋಡಾಕ್ಹತ್ತಿತ್ತು. ತಾ ಏನೋ ಹೇಳಿದ್ದಕ್ಕ ತಮ್ಮಣ್ಣ ಹೋದ ಅಂತ ತಿಳ್ಕೊಂಡಿರ್ತತಿ ಅದು."

ಮಕ್ಕಳ ಮನಸ್ಸು ತಿಳಿಯುವುದು ನನ್ನ ಕೆಲಸ. ಅದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಆ ಮಾತು ನನಗೆ ಹೊಳೆದಿರಲಿಲ್ಲ, ಮೂಟೆ ಹೊರುವ ಹುಡುಗ ಹೇಳಿದ.

ಅವನು ಹೇಳಿದ್ದು ನಿಜವೇ ಆಗಿತ್ತು. ರೇಣುಕಾ ನನ್ನ ಎದುರು ಮಾತು ನಿಲ್ಲಿಸಿದಳು. ವಾರಕ್ಕೊಂದು ಸಲ ತಾಯಿ ಕರೆತರುತ್ತಿದ್ದಳು. ಪೆನ್ಸಿಲು ಮುಟ್ಟುತ್ತಿರಲಿಲ್ಲ. ನಾನು ನೆಲದ ಮೇಲೆ ಅವಳ ಎದುರು ಕೂತು, "ನೀನು ಸರಿಯಾಗೇ ಹೇಳಿದ್ದೆ ಪುಟ್ಟಿ. ನಂಗೆ ಗೊತ್ತಾಗ್ಲಿಲ್ಲ, ತಪ್ಪು ನಂದು. ತಮ್ಮಣ್ಣ ಹೋಗಿದ್ದು ನಿನ್ನಿಂದ ಅಲ್ಲ" ಎಂದೆ. ಒಂದು ಸಲವಲ್ಲ, ಬಂದಾಗಲೆಲ್ಲ ಹೇಳಿದೆ. ಅವಳು ನನ್ನ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದಳು. ಆಮೇಲೆ ಪೆನ್ನು ತೆಗೆದಿಟ್ಟು ಕೂರಲು ಶುರುಮಾಡಿದೆ. ಆದರೂ ಮಾತಾಡಲಿಲ್ಲ. ಮಲ್ಲಪ್ಪ ಒಂದು ಭಾನುವಾರ ಆನೇಕಲ್ಲಿಗೆ ಬಂದ. ಅವನನ್ನು ನೋಡಿ ಓಡಿಹೋಗಿ ಅವನ ಅಂಗಿ ಹಿಡಿದುಕೊಂಡಳಂತೆ, ಸಂಜೆ ತನಕ ಬಿಡಲಿಲ್ಲವಂತೆ. ನನಗೆ ಶಾಂತವ್ವ ಹೇಳಿದಳು.

ಪರೀಕ್ಷೆ ಮುಗಿದ ಮೇಲೆ ತಾಯಿ, ಮಗಳು ಬಾದಾಮಿ ಕಡೆಯ ತವರಿಗೆ ಹೊರಟರು. ಬಸ್ಸಿಗೆ ಹತ್ತಿಸಲು ನಾನೂ ಹೋಗಿದ್ದೆ. ಮಲ್ಲಪ್ಪ ಟ್ರಂಕು ಮೇಲೇರಿಸುತ್ತಿದ್ದ. ಕಿಟಕಿಯ ಹತ್ತಿರ ಕೂತಿದ್ದ ರೇಣುಕಾಳಿಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟೆ. ತೆಗೆದುಕೊಂಡಳು, ಮಾತಾಡಲಿಲ್ಲ. ಬಸ್ಸು ಹೋದ ಮೇಲೆ ಹೊಸೂರು ರಸ್ತೆಯ ಸೇತುವೆಯ ಕೆಳಗೆ ನಿಂತು ಅತ್ತೆ. ವಯಸ್ಸಾದ ಹೆಂಗಸು ಅಳುತ್ತಿದ್ದರೆ ಆಟೋದವರು ತಿರುಗಿ ನೋಡುತ್ತಿದ್ದರು.

ಅಂದಿನಿಂದ ನಮ್ಮ ಕೇಂದ್ರದಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಬಂತು. ಮಗು ಹೇಳಿದ ಮಾತನ್ನು ಮಗುವಿನ ಬಾಯಲ್ಲಿ ಬಂದ ಹಾಗೇ ಬರೆಯಬೇಕು. 'ಬಡೀತಾನ' ಎಂದರೆ 'ಬಡೀತಾನ'. ಪಕ್ಕದಲ್ಲಿ ಬೇಕಾದರೆ ನಿಮ್ಮ ಪಾಂಡಿತ್ಯ. ಸಂಬಂಧದ ಹೆಸರು ಬಂದರೆ ಆ ಮನುಷ್ಯ ಎಲ್ಲಿ ಮಲಗುತ್ತಾನೆ, ಯಾವ ಕೆಲಸಕ್ಕೆ ಹೋಗುತ್ತಾನೆ, ಅಜ್ಜಿ ಅವನನ್ನು ಏನೆಂದು ಕರೆಯುತ್ತಾಳೆ ಎಂದು ಕೇಳಬೇಕು. ಗಂಡನನ್ನು ಮೆಟ್ಟಿಲ ಮೇಲೆ ಕೂರಿಸಬಾರದು, ಕೆಳಗೆ ಟೀ ಅಂಗಡಿಗೆ ಕಳಿಸಬೇಕು. ನನ್ನ ಆ ವರದಿಯನ್ನು ಹರಿದು ಬೇರೆ ಬರೆಯಲೇ ಎಂದು ಕೇಳಿದ್ದಕ್ಕೆ ಲಲಿತಾ ಮೇಡಂ ಒಪ್ಪಲಿಲ್ಲ. "ಗೀಟ ಹಾಕು. ಕೆಳಗಿನ ಅಕ್ಷರ ಓದಾಕ ಬರೂ ಹಂಗ ಹಾಕು" ಎಂದರು. ಹಾಗೇ ಹಾಕಿದೆ. ಹೊಸಬರು ಬಂದಾಗಲೆಲ್ಲ ಆ ಹಾಳೆಯನ್ನು ತೋರಿಸುವುದು ನನ್ನ ಪಾಲಿಗೇ ಬಂತು. ತೋರಿಸಿ ತೋರಿಸಿ ಸಾಕಾಗಿಹೋಗಿತ್ತು, ಆದರೂ ತೋರಿಸಿದೆ.

ನನ್ನ ಕೊನೆಯ ವರ್ಷಗಳಲ್ಲಿ ವರದಿ ಬರೆಯಲು ಟ್ಯಾಬ್ ಬಂತು. ಹೊಡೆಯುವವರು ಯಾರು ಎಂದರೆ ತಂದೆ, ತಾಯಿ, ಅಂಕಲ್, ಇತರೆ ಎಂದು ಪಟ್ಟಿ ಬರುತ್ತದೆ. ಒಂದನ್ನು ಒತ್ತಿದರೆ ಮುಂದಿನ ಪುಟ. ಕಾಕಾ ಎಂದು ಬರೆಯಲು ಜಾಗವಿಲ್ಲ. ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಹೊಸ ಅಧಿಕಾರಿ ಚುರುಕಿನ ಹುಡುಗ, ವಿನಯವಾಗಿಯೇ, "ನೋಟ್ ಮಾಡ್ಕೊಂಡಿದ್ದೀನಿ ಮೇಡಂ" ಎಂದ. ನಾನು ನಿವೃತ್ತಳಾಗುವವರೆಗೂ ಆ ಜಾಗ ಬರಲಿಲ್ಲ. ಜಗಳವಾಡುವ ಶಕ್ತಿ ನನಗೂ ಉಳಿದಿರಲಿಲ್ಲ. ನಿಜ ಹೇಳಬೇಕೆಂದರೆ, ಮನೆಗೆ ಹೋಗಿ ಮಲಗಿದರೆ ಸಾಕು ಎನಿಸುತ್ತಿತ್ತು.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಮೊನ್ನೆ ಮಂಗಳವಾರ ಬೆಳಿಗ್ಗೆ ಸೊಪ್ಪು ಸೋಸುತ್ತ ಕೂತಿದ್ದಾಗ ಫೋನ್ ಬಂತು. ಗೊತ್ತಿಲ್ಲದ ನಂಬರು, ಹೆಣ್ಣು ದನಿ.

"ಜಯಮ್ಮ ಮೇಡಂ ಏನ್ರಿ? ನಾ ರೇಣುಕಾ ಮಾತಾಡೂದ್ರಿ. ಬಾದಾಮಿಯಿಂದ. ಅವ್ವನ ಮೊಬೈಲಿನ್ಯಾಗ ಬಳೆ ಅಂಗಡಿ ಅಂತ ಇತ್ತಲ್ರಿ, ಅಲ್ಲಿಗೆ ಮಾಡಿದ್ದೆ. ಅವರು ನಿಮ್ಮ ನಂಬರ್ ಕೊಟ್ರು."

ಸೊಪ್ಪನ್ನು ಪಕ್ಕಕ್ಕಿಟ್ಟೆ. ನಾನು ಅವಳ ದನಿಯನ್ನು ಕೇಳಿ ಹನ್ನೆರಡು ವರ್ಷವಾಗಿತ್ತು. ಆಗ ಮಾತಾಡಿದ್ದು ಮೂರು ನಾಲ್ಕು ಮಾತು. ನರ್ಸಿಂಗ್ ಓದುತ್ತಿದ್ದೇನೆ ಎಂದಳು. ಆಮೇಲೆ, "ಕಾಕಾ ತೀರ್ಕೊಂಡ್ರಿ" ಎಂದಳು.

"ಯಾವ ಕಾಕಾ ರೇಣುಕಾ?"

ಬಾಯಿಂದ ಬಂದೇಬಿಟ್ಟಿತು. ಫೋನು ಇಟ್ಟುಬಿಡುತ್ತಾಳೇನೋ ಎಂದು ಹೆದರಿದೆ.

"ಇದನ್ನ ಅವತ್ತ ಕೇಳಬೇಕಿತ್ತಲ್ರೀ ಮೇಡಂ."

ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. "ಹೌದಮ್ಮ. ಕೇಳಬೇಕಿತ್ತು" ಎಂದೆ.

"ನಮ್ಮಪ್ಪರಿ. ನಿನ್ನೆ ಮಣ್ಣಾತು. ಬೆಂಗಳೂರಾಗ ಸತ್ತಿದ್ದ, ತಮ್ಮಣ್ಣ ಗಾಡಿ ಮಾಡ್ಕೊಂಡು ಊರಿಗೆ ತಂದ. ಎಲ್ಲಾರೂ ಅಳಾಕ್ಹತ್ತಾರ್ರಿ. ಅವ್ವನೂ ಅಳಾಕ್ಹತ್ಯಾಳ. ನಂಗ ಅಳು ಬರವಲ್ದ್ರಿ. ಯಾರ ಮುಂದ ಹೇಳ್ಲಿ ಇದನ್ನ? ಅದಕ್ಕ ನಿಮಗ ಮಾಡೇನಿ."

ಬರೆದಿಟ್ಟಿದ್ದ ಈ ಹಾಳೆಗಳು, ಪೆನ್ನು ಪಕ್ಕದಲ್ಲೇ ಇದ್ದವು. ಪೆನ್ನನ್ನು ಅವಳು ನೋಡುತ್ತಿದ್ದುದು ನೆನಪಾಯಿತು. ಅದನ್ನೆತ್ತಿ ಕಿಟಕಿಯ ಮೇಲಿಟ್ಟೆ. "ಹೇಳು ರೇಣುಕಾ" ಎಂದೆ.

ಅವಳು ಒಂದು ಗಂಟೆಗೂ ಹೆಚ್ಚು ಹೊತ್ತು ಮಾತಾಡಿದಳು. ಏನು ಹೇಳಿದಳು ಎಂಬುದನ್ನು ನಾನು ಎಲ್ಲಿಯೂ ಬರೆದುಕೊಂಡಿಲ್ಲ, ಇಲ್ಲಿಯೂ ಬರೆಯುವುದಿಲ್ಲ.